ನಿರ್ವಾತದಲ್ಲಿ ಹಿಗ್ಗುವ ವಿರಳ ಅನಿಲಧಾರೆ

ಒತ್ತಡದಲ್ಲಿ ತುಂಬಿಟ್ಟ ಅನಿಲ ಸಣ್ಣ ರಂಧ್ರದಿಂದಲೋ ನಾಜಲ್‌ನಿಂದಲೋ ನಿರ್ವಾತಕ್ಕೆ ಚಿಮ್ಮಿದಾಗ ರೂಪುಗೊಳ್ಳುವ ಹರಿವು. ರಂಧ್ರದ ಬಾಯಲ್ಲಿ ಈ ಅನಿಲ ನಮ್ಮ ಸುತ್ತಲಿನ ಗಾಳಿಯಂತೆಯೇ ದಟ್ಟವಾಗಿರುತ್ತದೆ. ಅದರ ಒಂದೊಂದು ಅಣುವೂ ಸೆಕೆಂಡಿಗೆ ನೂರಾರು ಕೋಟಿ ಸಲ ನೆರೆಯ ಅಣುಗಳಿಗೆ ಡಿಕ್ಕಿ ಹೊಡೆಯುತ್ತದೆ. ಅಲ್ಲಿಂದ ಗೇಣುದ್ದ ಮುಂದೆ ಹೋಗುವಷ್ಟರಲ್ಲಿ ಡಿಕ್ಕಿಗಳು ಬಹುಮಟ್ಟಿಗೆ ನಿಂತುಹೋಗಿ, ಪ್ರತಿಯೊಂದು ಅಣುವೂ ತನ್ನ ಪಾಡಿಗೆ ನೇರ ಗೆರೆಯಲ್ಲಿ ಸಾಗುತ್ತದೆ. ದಟ್ಟ ಅನಿಲದ ವರ್ತನೆ ಮತ್ತು ಒಂಟಿ ಅಣುಗಳ ವರ್ತನೆ ಎರಡೂ ಒಂದೇ ಧಾರೆಯೊಳಗೆ ಇರುವುದು ಇದರ ವಿಶೇಷ. ಇದನ್ನು ಅಳೆಯುವುದಕ್ಕೂ ಲೆಕ್ಕಹಾಕುವುದಕ್ಕೂ ತೊಡಕಾಗಿರುವುದೂ ಅದೇ. ಮೊದಲರ್ಧಕ್ಕೆ ಹೊಂದುವ ಉಪಕರಣ ಉಳಿದರ್ಧದಲ್ಲಿ ಕುರುಡಾಗುತ್ತದೆ. ಮೊದಲರ್ಧಕ್ಕೆ ಒಪ್ಪುವ ಸಮೀಕರಣ ಉಳಿದರ್ಧದಲ್ಲಿ ಸುಳ್ಳಾಗುತ್ತದೆ.

ರಸಾಯನಶಾಸ್ತ್ರದ ಪ್ರಯೋಗಶಾಲೆಗಳಲ್ಲಿ ಅಣುಧಾರೆಗಳನ್ನು ಪಡೆಯುವುದು ಈ ಬಗೆಯ ಹಿಗ್ಗುವಿಕೆಯಿಂದಲೇ. ಉಪಗ್ರಹಗಳ ಥ್ರಸ್ಟರುಗಳು ಉಗುಳುವ ಅನಿಲ, ಚಂದ್ರನ ಮೇಲೆ ಇಳಿಯುವ ನೌಕೆಯ ಎಂಜಿನ್ನಿನ ಜ್ವಾಲೆ, ಧೂಮಕೇತುವಿನ ಮಂಜಿನಿಂದ ಏಳುವ ಆವಿ, ಶನಿಯ ಉಪಗ್ರಹ ಎನ್ಸಿಲೇಡಸ್ಸಿನ ಬಿರುಕುಗಳಿಂದ ಚಿಮ್ಮುವ ನೀರಾವಿ ಇವೆಲ್ಲವೂ ಅಳತೆಯಲ್ಲಿ ಬೇರೆ ಬೇರೆಯಾದರೂ ಭೌತಿಕವಾಗಿ ಒಂದೇ ಜಾತಿಗೆ ಸೇರಿದವು.

ಹರಿವಿನ ಸ್ವರೂಪ

ಒಂದು ಡಿಕ್ಕಿಗೂ ಮುಂದಿನ ಡಿಕ್ಕಿಗೂ ನಡುವೆ ಅಣು ಸಾಗುವ ಸರಾಸರಿ ದೂರಕ್ಕೆ ಮುಕ್ತಪಥ ಎಂದು ಹೆಸರು. ಇದನ್ನು ರಂಧ್ರದ ವ್ಯಾಸದಿಂದ ಭಾಗಿಸಿದರೆ ಬರುವ ಕ್ನುಡ್ಸನ್ ಸಂಖ್ಯೆ ಹರಿವಿನ ಜಾತಿಯನ್ನು ಗೊತ್ತುಮಾಡುತ್ತದೆ. 20ನೆಯ ಶತಮಾನದ ಮೊದಲ ದಶಕದಲ್ಲಿ ವಿರಳ ಅನಿಲಗಳ ಹರಿವನ್ನು ಅಳೆದ ಡೆನ್ಮಾರ್ಕಿನ ಮಾರ್ಟಿನ್ ಕ್ನುಡ್ಸನ್‌ನ ಹೆಸರು ಇದಕ್ಕಿದೆ. ಸಂಖ್ಯೆ ಒಂದಕ್ಕಿಂತ ಬಹಳ ದೊಡ್ಡದಾಗಿದ್ದರೆ ಅಣುಗಳು ಒಂದನ್ನೊಂದು ತಾಕದೆ ಒಂದೊಂದಾಗಿ ರಂಧ್ರದಿಂದ ಹೊರಬೀಳುತ್ತವೆ, ಇದು ನಿಸ್ಸರಣ. ವೇಗದ ಅಣು ರಂಧ್ರವನ್ನು ಹೆಚ್ಚು ಸಲ ಮುಟ್ಟುವುದರಿಂದ ಹೊರಬಂದವುಗಳ ಸರಾಸರಿ ಶಕ್ತಿ ಒಳಗಿದ್ದವುಗಳ ಸರಾಸರಿಗಿಂತ ಮೂರನೆಯ ಒಂದು ಪಾಲು ಹೆಚ್ಚಾಗಿರುತ್ತದೆ. 1911ರಲ್ಲಿ ಫ್ರಾನ್ಸಿನ ಲೂಯಿ ದ್ಯುನೋಯೆ ಸೋಡಿಯಂ ಆವಿಯಿಂದ ಪಡೆದ ಮೊದಲ ಅಣುಧಾರೆಯೂ, 1920ರ ಸುಮಾರಿಗೆ ಆಟೋ ಸ್ಟರ್ನ್ ಅಣುಗಳ ವೇಗವನ್ನು ನೇರವಾಗಿ ಅಳೆಯಲು ಬಳಸಿದ ಧಾರೆಯೂ ಈ ಬಗೆಯವು.

ಕ್ನುಡ್ಸನ್ ಸಂಖ್ಯೆ ಒಂದಕ್ಕಿಂತ ಬಹಳ ಚಿಕ್ಕದಾದಾಗ ಚಿತ್ರ ಬದಲಾಗುತ್ತದೆ. ಅಣುಗಳು ಒಂದನ್ನೊಂದು ತಳ್ಳುತ್ತ ಗುಂಪಾಗಿ ನುಗ್ಗುತ್ತವೆ. ರಂಧ್ರದ ಅತಿ ಕಿರಿದಾದ ಭಾಗದಲ್ಲಿ ಹರಿವು ಶಬ್ದದ ವೇಗ ಮುಟ್ಟಿ, ಹೊರಗೆ ಬಂದೊಡನೆ ಶಬ್ದಾತೀತವಾಗುತ್ತದೆ. ಅಡ್ಡಾದಿಡ್ಡಿ ಚಲನೆಯಲ್ಲಿದ್ದ ಉಷ್ಣಶಕ್ತಿ ಮುಮ್ಮುಖ ಚಲನೆಯಾಗಿ ಮಾರ್ಪಡುತ್ತದೆ. ಅನಿಲ ವೇಗ ಪಡೆದಷ್ಟೂ ತಣ್ಣಗಾಗುತ್ತದೆ. ಆದರೆ ವೇಗಕ್ಕೆ ಮಿತಿ ಇದೆ. 300 ಕೆಲ್ವಿನ್ ಉಷ್ಣತೆಯಿಂದ ಹೊರಟ ಆರ್ಗಾನ್ ಎಷ್ಟೇ ಹಿಗ್ಗಿದರೂ ಸೆಕೆಂಡಿಗೆ ಸುಮಾರು 560 ಮೀಟರನ್ನು ಮೀರದು. ಸಾರಜನಕಕ್ಕೆ ಈ ಮಿತಿ ಸುಮಾರು 790 ಮೀಟರ್, ಹೀಲಿಯಮ್ಮಿಗೆ 1,765. ಇದ್ದ ಉಷ್ಣಶಕ್ತಿಯೆಲ್ಲ ಖರ್ಚಾದ ಮೇಲೆ ವೇಗಕ್ಕೆ ಬಂಡವಾಳವಿಲ್ಲ. ಜನಪ್ರಿಯ ಬರಹಗಳಲ್ಲಿ ನಿರ್ವಾತ ಅನಿಲವನ್ನು ‘ಎಳೆದುಕೊಳ್ಳುತ್ತದೆ’ ಎಂದು ಬರೆಯುವುದುಂಟು. ನಿರ್ವಾತ ಏನನ್ನೂ ಎಳೆಯುವುದಿಲ್ಲ, ತಡೆಯುವುದಿಲ್ಲ ಅಷ್ಟೆ.

ಎರಡು ತುದಿಗಳ ನಡುವಿನ ಸ್ಥಿತ್ಯಂತರವನ್ನು ಅಮೆರಿಕದ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಹಾನ್ಸ್ ಲೀಪ್‌ಮನ್ ಪ್ರಯೋಗದಿಂದ ಅಳೆದು 1961ರಲ್ಲಿ ಪ್ರಕಟಿಸಿದರು. ತೆಳು ತಟ್ಟೆಯ ರಂಧ್ರದಿಂದ ಗುಂಪಾಗಿ ಹೊರಡುವ ಅನಿಲದ ಪ್ರಮಾಣ, ಅದೇ ಒತ್ತಡ ಮತ್ತು ಉಷ್ಣತೆಗೆ ನಿಸ್ಸರಣದ ಸೂತ್ರ ಕೊಡುವುದಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು. ಈ ಏರಿಕೆ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಸಿದ್ಧಾಂತದಿಂದ ಹುಡುಕಿದವರಲ್ಲಿ ಅಲ್ಲಿ ಲೀಪ್‌ಮನ್ನರ ವಿದ್ಯಾರ್ಥಿಯಾಗಿದ್ದ ಬೆಂಗಳೂರಿನ ರೊದ್ದಂ ನರಸಿಂಹ (1933–2020) ಒಬ್ಬರು. ಕನ್ನಡದಲ್ಲಿ ವಿಜ್ಞಾನ ಬರೆದ ಆರ್.ಎಲ್. ನರಸಿಂಹಯ್ಯನವರ ಮಗನಾದ ಇವರು, ಡಿಕ್ಕಿಗಳೇ ಇಲ್ಲದೆ ಅನಿಲ ನಿರ್ವಾತಕ್ಕೆ ಹಿಗ್ಗಿದರೆ ಸಾಂದ್ರತೆ, ವೇಗ, ಉಷ್ಣತೆ ಹೇಗೆ ಹಂಚಿಕೊಳ್ಳುತ್ತವೆ ಎಂಬುದನ್ನು ಬಿಡಿಸಿ 1962ರಲ್ಲಿ ಪ್ರಕಟಿಸಿದರು. ಆಮೇಲಿನ ದಶಕಗಳಲ್ಲಿ ಅವರ ಹೆಸರು ಹೆಚ್ಚಾಗಿ ಪ್ರಕ್ಷುಬ್ಧ ಹರಿವುಗಳ ಅಧ್ಯಯನಕ್ಕೆ ಅಂಟಿಕೊಂಡಿತು. ಆದರೂ ವಿರಳ ಅನಿಲದ ಈ ಮೊದಲ ಲೇಖನಗಳು ಕ್ಷೇತ್ರದವರಿಗೆ ಇಂದಿಗೂ ಪರಿಚಿತ.

ಶಬ್ದಾತೀತ ಧಾರೆಯಲ್ಲಿ ರಂಧ್ರದಿಂದ ಒಂದೆರಡು ವ್ಯಾಸ ದಾಟಿದ ಮೇಲೆ ಹರಿವಿನ ಗೆರೆಗಳೆಲ್ಲ ಒಂದೇ ಬಿಂದುವಿನಿಂದ ಹೊರಟಂತೆ ಕಾಣುತ್ತವೆ. ಸಾಂದ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಆರ್ಗಾನ್, ಹೀಲಿಯಮ್‌ನಂಥ ಏಕಪರಮಾಣು ಅನಿಲಗಳಲ್ಲಿ, ಹರಿವಿನ ವೇಗವನ್ನು ಅಲ್ಲಿನ ಶಬ್ದದ ವೇಗದಿಂದ ಭಾಗಿಸಿದಾಗ ಬರುವ ಮಾಕ್ ಸಂಖ್ಯೆ ದೂರದ ಮೂರನೆಯ ಎರಡರ ಘಾತದಂತೆ ಏರುತ್ತದೆ: ಹತ್ತು ವ್ಯಾಸದಷ್ಟು ದೂರದಲ್ಲಿ ಸುಮಾರು 15, ಮೂವತ್ತು ವ್ಯಾಸದಲ್ಲಿ 30ರ ಮೇಲೆ. ಉಷ್ಣತೆ ಕುಸಿಯುವುದರಿಂದ ಶಬ್ದದ ವೇಗವೇ ಇಳಿದು ಮಾಕ್ ಸಂಖ್ಯೆ ಇಷ್ಟು ಏರುತ್ತದೆಯೇ ಹೊರತು ಅನಿಲದ ಓಟ ಅಷ್ಟು ಹೆಚ್ಚಿದ್ದರಿಂದಲ್ಲ.

ಈ ತಂಪಾಗುವಿಕೆ ಕೊನೆಯಿಲ್ಲದೆ ನಡೆಯುವುದಿಲ್ಲ. ತಣ್ಣಗಾಗುವುದೆಂದರೆ ಅಣುಗಳು ಪರಸ್ಪರ ಡಿಕ್ಕಿಯಿಂದ ವೇಗದ ವ್ಯತ್ಯಾಸಗಳನ್ನು ತೀರಿಸಿಕೊಳ್ಳುವುದು. ಡಿಕ್ಕಿಯೇ ಇಲ್ಲದಿದ್ದರೆ ತೀರಿಸಿಕೊಳ್ಳುವ ದಾರಿಯಿಲ್ಲ. ತೇರು ಮುಗಿದು ರಥಬೀದಿಯಿಂದ ಹೊರಟ ಜನ ಕಿರಿದಾದ ಬೀದಿಯಲ್ಲಿ ಒತ್ತಿಕೊಂಡು ಒಂದೇ ನಡಿಗೆಯಲ್ಲಿ ಸಾಗಿ, ಬಯಲಿಗೆ ಬಂದ ಮೇಲೆ ಯಾರ ನಡಿಗೆ ಎಷ್ಟಿತ್ತೋ ಅಷ್ಟನ್ನೇ ಉಳಿಸಿಕೊಂಡು ಚದುರುತ್ತಾರಲ್ಲ, ಹಾಗೆ. ಒಂದು ಹಂತದ ನಂತರ ಧಾರೆಯ ಉದ್ದಕ್ಕೆ ಇರುವ ವೇಗದ ಹರಡು ಹೆಪ್ಪುಗಟ್ಟಿದಂತೆ ನಿಂತುಬಿಡುತ್ತದೆ. ಅಡ್ಡಕ್ಕೆ ಇರುವ ಹರಡು ಮಾತ್ರ ಇನ್ನೂ ಇಳಿಯುತ್ತಲೇ ಇರುತ್ತದೆ. ಇದಕ್ಕೆ ಡಿಕ್ಕಿ ಕಾರಣವಲ್ಲ. ದೂರದ ಯಾವುದೇ ಬಿಂದುವಿಗೆ ಆ ದಿಕ್ಕಿಗೆ ನೇರವಾಗಿ ಹೊರಟ ಅಣುಗಳು ಮಾತ್ರ ತಲಪುತ್ತವೆ ಎಂಬ ಬರಿಯ ರೇಖಾಗಣಿತ. ಹೀಗಾಗಿ ಒಂದೇ ಜಾಗದ ಅನಿಲಕ್ಕೆ ಉದ್ದದ ಉಷ್ಣತೆ ಒಂದು, ಅಡ್ಡದ ಉಷ್ಣತೆ ಇನ್ನೊಂದು. ಸಾರಜನಕದಂಥ ಅಣುಗಳಲ್ಲಿ ಒಳಗಿನ ಕಂಪನದ ತಂಪಾಗುವಿಕೆ ಎಲ್ಲಕ್ಕಿಂತ ಮೊದಲು ನಿಲ್ಲುತ್ತದೆ, ತಿರುಗುವಿಕೆಯದು ಆಮೇಲೆ, ಚಲನೆಯದು ಕೊನೆಗೆ. ‘ಧಾರೆಯ ಉಷ್ಣತೆ ಎಷ್ಟು’ ಎಂಬ ಪ್ರಶ್ನೆಗೆ ಯಾವ ಉಷ್ಣತೆ ಎಂದು ಮರುಪ್ರಶ್ನೆ ಹಾಕದೆ ಉತ್ತರಿಸಲಾಗದು.

ಎಲ್ಲಿ ಹೆಪ್ಪುಗಟ್ಟುತ್ತದೆ ಎಂಬುದನ್ನು 1965ರಲ್ಲಿ ಜೇಮ್ಸ್ ಆಂಡರ್ಸನ್ ಮತ್ತು ಜಾನ್ ಫೆನ್ ಒಂದು ಸರಳ ಸೂತ್ರಕ್ಕೆ ಇಳಿಸಿದರು: ಏಕಪರಮಾಣು ಅನಿಲದ ಅಂತಿಮ ಮಾಕ್ ಸಂಖ್ಯೆ, ಮೂಲದ ಕ್ನುಡ್ಸನ್ ಸಂಖ್ಯೆಯ ಋಣ 0.4ನೆಯ ಘಾತವನ್ನು 1.17ರಿಂದ ಗುಣಿಸಿದಷ್ಟು. ಒಂದು ಬಾರ್ ಒತ್ತಡದ ಆರ್ಗಾನ್ 300 ಕೆಲ್ವಿನ್‌ನಲ್ಲಿ 1 ಮಿಲಿಮೀಟರ್ ರಂಧ್ರದಿಂದ ಹೊರಡುತ್ತದೆ ಎನ್ನೋಣ. ಮೂಲದಲ್ಲಿ ಮುಕ್ತಪಥ ಸುಮಾರು 70 ನ್ಯಾನೋಮೀಟರ್. ಸೂತ್ರದ ಪ್ರಕಾರ ಮಾಕ್ ಸಂಖ್ಯೆ 54ರ ಹತ್ತಿರ ನಿಲ್ಲುತ್ತದೆ, ಉಷ್ಣತೆ 0.3 ಕೆಲ್ವಿನ್ನಿಗೆ ಇಳಿಯುತ್ತದೆ. ಇಷ್ಟೆಲ್ಲ ಮುಗಿಯುವುದು ರಂಧ್ರದಿಂದ ಆರೇಳು ಸೆಂಟಿಮೀಟರ್ ದೂರದಲ್ಲಿ. ಅಷ್ಟರಲ್ಲಿ ಸಾಂದ್ರತೆ ಮೂಲದ ಮೂವತ್ತು ಸಾವಿರದಲ್ಲೊಂದು ಪಾಲಾಗಿರುತ್ತದೆ. ಇದು ಅನಿಲ ಅನಿಲವಾಗಿಯೇ ಉಳಿದರೆ ಮಾತ್ರ ಸರಿಯಾದ ಲೆಕ್ಕ. ಇಷ್ಟು ಒತ್ತಡ, ಇಷ್ಟು ದೊಡ್ಡ ರಂಧ್ರ ಇದ್ದಾಗ ಆರ್ಗಾನ್ ಪರಮಾಣುಗಳು ಗೊಂಚಲು ಕಟ್ಟಿಕೊಳ್ಳುತ್ತವೆ. ಸಾಂದ್ರೀಕರಣದ ಶಾಖ ಧಾರೆಗೆ ಮರಳಿ ಸೇರಿ ಉಷ್ಣತೆ ಏರುತ್ತದೆ. ಗೊಂಚಲು ಎಲ್ಲಿ ಶುರುವಾಗುತ್ತದೆ ಎಂದು ಅಂದಾಜಿಸಲು ಜರ್ಮನಿಯ ಒಟ್ಟೊ ಹಾಗೆನಾ ರೂಪಿಸಿದ, ಒತ್ತಡ, ರಂಧ್ರದ ಅಳತೆ, ಉಷ್ಣತೆಗಳನ್ನು ಒಂದೇ ಸಂಖ್ಯೆಗೆ ಕಟ್ಟುವ ಸೂತ್ರವನ್ನು ಇಂದಿಗೂ ಬಳಸುತ್ತಾರೆ.

ಪ್ರಯೋಗಶಾಲೆಯ ‘ನಿರ್ವಾತ’ ಪೂರ್ಣ ಬರಿದಲ್ಲ. ಕೋಣೆಯಲ್ಲಿ ಉಳಿದಿರುವ ಅನಿಲ ಧಾರೆಯನ್ನು ಸುತ್ತುವರಿದು ಒತ್ತುವುದರಿಂದ ಪೀಪಾಯಿಯ ಆಕಾರದ ಆಘಾತ ತರಂಗ ಏಳುತ್ತದೆ, ಅದರ ಮುಂದಿನ ತುದಿಯನ್ನು ಮಾಕ್ ಬಿಲ್ಲೆ ಎಂಬ ಅಡ್ಡ ಆಘಾತ ಮುಚ್ಚುತ್ತದೆ. ಪೀಪಾಯಿಯ ಒಳಗೆ ಹರಿವು ಹೊರಗಿನ ಒತ್ತಡದ ಸುಳಿವೇ ಇಲ್ಲದಂತೆ ಹಿಗ್ಗುತ್ತದೆ. ಈ ಭಾಗಕ್ಕೆ ಮೌನವಲಯವೆಂದು ಹೆಸರು. 1966ರಲ್ಲಿ ಹ್ಯಾರಿ ಆಷ್ಕೆನಾಸ್ ಮತ್ತು ಫ್ರೆಡರಿಕ್ ಶೆರ್ಮನ್ ತೋರಿಸಿದಂತೆ ಬಿಲ್ಲೆಯ ದೂರ, ಮೂಲದ ಒತ್ತಡವನ್ನು ಕೋಣೆಯ ಒತ್ತಡದಿಂದ ಭಾಗಿಸಿ ವರ್ಗಮೂಲ ತೆಗೆದು 0.67ರಿಂದ ಗುಣಿಸಿದಷ್ಟು ವ್ಯಾಸ. ಮೇಲಿನ ಉದಾಹರಣೆಯಲ್ಲಿ ಕೋಣೆಯ ಒತ್ತಡ 0.01 ಮಿಲಿಬಾರ್ ಇದ್ದರೆ ಬಿಲ್ಲೆ 21 ಸೆಂಟಿಮೀಟರ್ ದೂರದಲ್ಲಿರುತ್ತದೆ. ಅನಿಲ ಯಾವುದೆಂಬುದು ಈ ಸೂತ್ರದಲ್ಲಿ ಬರುವುದೇ ಇಲ್ಲ. ಒತ್ತಡ ಇನ್ನೂ ಇಳಿದರೆ ಆಘಾತ ದಪ್ಪಗಾಗಿ, ಮಸುಕಾಗಿ, ಕೊನೆಗೆ ಕೋಣೆಯ ಅಣುಗಳು ಧಾರೆಯೊಳಗೆ ಸುಮ್ಮನೆ ತೂರಿ ಬರುವುದಷ್ಟೇ ಉಳಿಯುತ್ತದೆ. ಬಾಹ್ಯಾಕಾಶದ ಧಾರೆಗೆ ಪೀಪಾಯಿಯೂ ಇಲ್ಲ, ಬಿಲ್ಲೆಯೂ ಇಲ್ಲ.

ಧಾರೆ ಮುಂದಕ್ಕಷ್ಟೇ ಹೋಗುವುದಿಲ್ಲ. ರಂಧ್ರದ ಅಂಚಿನಲ್ಲಿ ಶಬ್ದದ ವೇಗದಲ್ಲಿರುವ ಅನಿಲ ನಿರ್ವಾತಕ್ಕೆ ತಿರುಗಬಲ್ಲ ಗರಿಷ್ಠ ಕೋನ ಏಕಪರಮಾಣು ಅನಿಲಕ್ಕೆ 90 ಡಿಗ್ರಿ, ಸಾರಜನಕಕ್ಕೆ 130. ಅಂದರೆ ಸಾರಜನಕ ನಾಜಲ್‌ನ ಹಿಂದಕ್ಕೂ ಸುತ್ತಿಕೊಂಡು ಬರಬಲ್ಲದು. ನಾಜಲ್ ಗೋಡೆಗೆ ಅಂಟಿಕೊಂಡು ಬರುವ ನಿಧಾನಗತಿಯ ತೆಳು ಪದರ ಈ ಹಿಮ್ಮುಖ ಹರಿವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಪ್ರಮಾಣ ತೀರ ಅಲ್ಪ. ಆದರೆ ಪಕ್ಕದಲ್ಲೇ ದೂರದರ್ಶಕದ ಮಸೂರವಿದ್ದರೆ ಅಲ್ಪವೂ ಹಾನಿ ಮಾಡುತ್ತದೆ.

ಅಳತೆ

ಈ ಧಾರೆಗಳ ಅಧ್ಯಯನದ ಇತಿಹಾಸವನ್ನು ಬಹುಮಟ್ಟಿಗೆ ಪಂಪುಗಳ ಇತಿಹಾಸವೆಂದೇ ಓದಬಹುದು. ಮೇಲಿನ 1 ಮಿಲಿಮೀಟರ್ ರಂಧ್ರದಿಂದ ಹೊರಬರುವ ಆರ್ಗಾನ್ ಒಂದು ಬಾರ್ ಒತ್ತಡದಲ್ಲಿ ಅಳೆದರೆ ಸೆಕೆಂಡಿಗೆ ಒಂದು ಲೋಟಕ್ಕಿಂತಲೂ ಕಡಿಮೆ, ಸುಮಾರು 140 ಮಿಲಿಲೀಟರ್. ಆದರೆ ಕೋಣೆಯನ್ನು 0.01 ಮಿಲಿಬಾರಿನಲ್ಲಿ ಹಿಡಿದಿಡಬೇಕಾದರೆ ಅದೇ ಅನಿಲ ಒಂದು ಲಕ್ಷ ಪಟ್ಟು ಹಿಗ್ಗಿರುವುದರಿಂದ ಪಂಪು ಸೆಕೆಂಡಿಗೆ 14,000 ಲೀಟರ್ ಎಳೆಯಬೇಕು. ಅದಕ್ಕೂ ಸಾವಿರ ಪಟ್ಟು ಒಳ್ಳೆಯ ನಿರ್ವಾತ ಬೇಕೆಂದರೆ ಒಂದು ಕೋಟಿ ನಲವತ್ತು ಲಕ್ಷ ಲೀಟರ್. ಅಂಥ ಪಂಪಿನ ಸಾಲನ್ನು ಕೊಳ್ಳುವ ಪ್ರಯೋಗಶಾಲೆ ಇಲ್ಲ. ಹೀಗಾಗಿ ಮೂರು ಉಪಾಯಗಳು ಬೆಳೆದುಬಂದವು. ಫ್ರಾನ್ಸಿನ ರೋಜರ್ ಕಾಂಪಾರ್ಗ್ 1960ರ ದಶಕದಲ್ಲಿ ಕೋಣೆಯ ಒತ್ತಡ ಹೆಚ್ಚೇ ಇರಲೆಂದು ಬಿಟ್ಟು, ಮಾಕ್ ಬಿಲ್ಲೆಗಿಂತ ಹಿಂದೆ, ಮೌನವಲಯದ ಒಳಗಿಂದಲೇ ಧಾರೆಯ ನಡುಭಾಗವನ್ನು ಕತ್ತರಿಸಿ ತೆಗೆದರು. ಇನ್ನು ಕೆಲವರು ಕವಾಟವನ್ನು ಕೆಲವು ಮೈಕ್ರೋಸೆಕೆಂಡು ಮಾತ್ರ ತೆರೆದು ಮುಚ್ಚುವ ಮಿಡಿತದ ಧಾರೆಗಳತ್ತ ತಿರುಗಿದರು. ಸಣ್ಣ ಪಂಪು ಎರಡು ಮಿಡಿತಗಳ ನಡುವೆ ಕೋಣೆಯನ್ನು ಬರಿದು ಮಾಡುತ್ತದೆ. ಮೂರನೆಯದು ಗೋಡೆಯನ್ನೇ ಪಂಪಾಗಿಸುವುದು. ಜರ್ಮನಿಯ ಗಾಟಿಂಗೆನ್‌ನಲ್ಲಿ ಥ್ರಸ್ಟರುಗಳ ಪರೀಕ್ಷೆಗಾಗಿ ಕಟ್ಟಿರುವ ಕೋಣೆಯ ಒಳಗೋಡೆಯನ್ನು ದ್ರವ ಹೀಲಿಯಮ್ಮಿನಿಂದ 4.2 ಕೆಲ್ವಿನ್ನಿಗೆ ತಂಪಾಗಿಸುತ್ತಾರೆ; ಮುಟ್ಟಿದ ಜಲಜನಕವೂ ಅಲ್ಲೇ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ.

ಧಾರೆಯೊಳಗೆ ತೂರಿಸುವ ಉಪಕರಣಗಳಲ್ಲಿ ಹಳೆಯದು, ಎದುರುಬರುವ ಹರಿವಿನ ಒತ್ತಡ ಅಳೆಯುವ, ವಿಮಾನಗಳಲ್ಲೂ ಇರುವ ಪಿಟೋ ನಳಿಕೆ. ರಂಧ್ರದ ಹತ್ತಿರ ಇದು ನಂಬಲರ್ಹ. ದೂರ ಹೋದಂತೆ ನಳಿಕೆಯ ಬಾಯಿಯ ಅಗಲವೇ ಮುಕ್ತಪಥಕ್ಕೆ ಸಮನಾಗಿ, ನಳಿಕೆಯ ಮುಂದೆ ಸರಿಯಾದ ಆಘಾತವೇ ರೂಪುಗೊಳ್ಳದೆ, ಓದುವ ಅಂಕಿಗೆ ತಿದ್ದುಪಡಿಯ ಮೇಲೆ ತಿದ್ದುಪಡಿ ಬೇಕಾಗುತ್ತದೆ. ಶಬ್ದಾತೀತ ಹರಿವಿನಲ್ಲಿ ಯಾವುದೇ ವಸ್ತುವನ್ನು ಇಟ್ಟರೂ ಅದು ಅಳೆಯಬೇಕಾದ್ದನ್ನೇ ಕೆಡಿಸುತ್ತದೆ ಎಂಬ ತೊಡಕು ಬೇರೆ.

ಮುಟ್ಟದೆ ಅಳೆಯುವ ದಾರಿಗಳಲ್ಲಿ ಎಲೆಕ್ಟ್ರಾನ್ ಕಿರಣದ ವಿಧಾನ ಬಹುಕಾಲ ಮುಂದಿತ್ತು. ಕೆಲವು ಹತ್ತು ಸಾವಿರ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎಲೆಕ್ಟ್ರಾನುಗಳ ಸಣ್ಣ ಎಳೆಯನ್ನು ಧಾರೆಗೆ ಅಡ್ಡಲಾಗಿ ಹಾಯಿಸಿದರೆ ಸಾರಜನಕ ಅಯಾನಾಗಿ ನೀಲಿ-ನೇರಳೆ ಬೆಳಕು ಸೂಸುತ್ತದೆ. ಮುಖ್ಯ ಪಟ್ಟಿಗಳು 391.4 ಮತ್ತು 427.8 ನ್ಯಾನೋಮೀಟರಿನಲ್ಲಿವೆ. ಬೆಳಕಿನ ತೀವ್ರತೆ ಸಾಂದ್ರತೆಯನ್ನು ಹೇಳುತ್ತದೆ. ಪಟ್ಟಿಯೊಳಗಿನ ಸೂಕ್ಷ್ಮ ಗೆರೆಗಳ ಹಂಚಿಕೆ ತಿರುಗುವಿಕೆಯ ಉಷ್ಣತೆಯನ್ನು ಹೇಳುತ್ತದೆ ಎಂಬುದನ್ನು 1962ರಲ್ಲಿ ಫಿಲಿಪ್ ಮಂಟ್ಸ್ ತೋರಿಸಿದರು. ಧಾರೆಯ ಅಕ್ಷದ ಉದ್ದಕ್ಕೂ ಒಂದೊಂದೇ ಬಿಂದುವಿನಲ್ಲಿ ಸಾಂದ್ರತೆ ಮತ್ತು ಉಷ್ಣತೆಗಳನ್ನು ಓದುವುದು ಇದರಿಂದ ಸಾಧ್ಯವಾಯಿತು. ಈ ವಿಧಾನಕ್ಕೂ ಎರಡು ಮಿತಿಗಳಿದ್ದವು. ಸಾಂದ್ರತೆ ಹೆಚ್ಚಿದ ಕಡೆ ಬೆಳಕು ಸೂಸುವ ಮೊದಲೇ ಅಯಾನುಗಳು ಡಿಕ್ಕಿಯಿಂದ ಶಕ್ತಿ ಕಳೆದುಕೊಂಡು ತೀವ್ರತೆ ಕುಗ್ಗುತ್ತದೆ. ತೀರ ತಣ್ಣಗಿನ ಕಡೆ ಓದಿಬಂದ ಉಷ್ಣತೆ ನಿರೀಕ್ಷೆಗಿಂತ ಮೇಲೇ ಉಳಿಯುತ್ತಿತ್ತು. ಅದರಲ್ಲಿ ಎಷ್ಟು ಪಾಲು ತಿರುಗುವಿಕೆ ನಿಜವಾಗಿ ಹೆಪ್ಪುಗಟ್ಟಿದ್ದರಿಂದ, ಎಷ್ಟು ಪಾಲು ಕಿರಣದಿಂದ ಹುಟ್ಟುವ ನಿಧಾನಗತಿಯ ದ್ವಿತೀಯಕ ಎಲೆಕ್ಟ್ರಾನುಗಳಿಂದ ಎಂದು ಬೇರ್ಪಡಿಸುವುದು ಸುಲಭವಾಗಿರಲಿಲ್ಲ. ಮುಂದೆ ಲೇಸರುಗಳು ಬಂದು ಪ್ರತಿದೀಪ್ತಿ ಮತ್ತು ರಾಮನ್ ಚದುರಿಕೆಯ ವಿಧಾನಗಳು ಈ ಜಾಗವನ್ನು ಬಹುಪಾಲು ತುಂಬಿದವು. ರ‍್ಯಾಲಿ ಚದುರಿಕೆಗೆ ಇನ್ನೊಂದು ಉಪಯೋಗವಿದೆ: ಗೊಂಚಲು ಒಂಟಿ ಅಣುಗಳಿಗಿಂತ ಬಹುಪಟ್ಟು ಜೋರಾಗಿ ಬೆಳಕನ್ನು ಚದುರಿಸುವುದರಿಂದ ಸಾಂದ್ರೀಕರಣ ಶುರುವಾದ ಕ್ಷಣ ಸಂಕೇತ ನೆಗೆಯುತ್ತದೆ.

ಡಿಕ್ಕಿ ಮುಗಿದ ಮೇಲಿನ ಧಾರೆಗೆ ಹಾರಾಟದ ಕಾಲವನ್ನು ಅಳೆಯುವುದೇ ಅತ್ಯಂತ ಖಚಿತ ವಿಧಾನ. ಶಂಖದ ತುದಿಯಂತೆ ಚೂಪಾದ, ತೂತುಳ್ಳ ಲೋಹದ ಶಂಕು ಧಾರೆಯ ನಡುಭಾಗವನ್ನಷ್ಟೇ ಮುಂದಿನ ಕೋಣೆಗೆ ಬಿಡುತ್ತದೆ. ಇದಕ್ಕೆ ಸ್ಕಿಮ್ಮರ್ ಎಂದು ಹೆಸರು. ಅದರ ಹಿಂದೆ ಸೀಳುಗಳಿರುವ ಬಿಲ್ಲೆ ತಿರುಗುತ್ತ ಧಾರೆಯನ್ನು ತುಂಡುಗಳಾಗಿ ಕತ್ತರಿಸುತ್ತದೆ. ಒಂದು ಮೀಟರ್ ಆಚೆಯ ದ್ರವ್ಯರಾಶಿ ರೋಹಿತಮಾಪಕಕ್ಕೆ ಆರ್ಗಾನ್ ತಲಪಲು 1.8 ಮಿಲಿಸೆಕೆಂಡು ಬೇಕು. ತಲಪುವ ಕಾಲ ವೇಗವನ್ನೂ, ಕಾಲದ ಹರಡು ಉದ್ದದ ಉಷ್ಣತೆಯನ್ನೂ ಕೊಡುತ್ತವೆ. ಸ್ಕಿಮ್ಮರಿನ ಅಂಚು ಸ್ವಲ್ಪ ಮೊಂಡಾದರೂ ಅದರಿಂದ ಹಿಂಪುಟಿದ ಅಣುಗಳು ಬರುತ್ತಿರುವ ಧಾರೆಗೆ ಅಡ್ಡವಾಗಿ ಅಳತೆಯನ್ನು ಕೆಡಿಸುತ್ತವೆ. ಆದ್ದರಿಂದ ಅದರ ಅಂಚನ್ನು ಮೈಕ್ರೋಮೀಟರುಗಳ ಮಟ್ಟಕ್ಕೆ ಹರಿತಗೊಳಿಸುತ್ತಾರೆ.

ನಿಸ್ಸರಣದ ಮೂಲದ ಬದಲು ಶಬ್ದಾತೀತ ನಾಜಲ್ ಇಟ್ಟರೆ ತೀವ್ರವೂ ಏಕವೇಗದ್ದೂ ಆದ ಅಣುಧಾರೆ ಸಿಗುತ್ತದೆಂದು ಆರ್ಥರ್ ಕಾಂಟ್ರೊವಿಟ್ಸ್ ಮತ್ತು ಜೆರಿ ಗ್ರೇ ಸೂಚಿಸಿದ್ದು 1951ರಲ್ಲಿ. ಜರ್ಮನಿಯ ಬೆಕರ್ ಮತ್ತು ಬಿಯರ್ 1954ರಲ್ಲಿ ಅದನ್ನು ಸಾಧಿಸಿ ತೋರಿಸಿದರು. 1970ರ ದಶಕದ ನಡುವೆ ಷಿಕಾಗೊದಲ್ಲಿ ರಿಚರ್ಡ್ ಸ್ಮಾಲಿ, ಲೆನಾರ್ಡ್ ವಾರ್ಟನ್, ಡೊನಾಲ್ಡ್ ಲೆವಿ ಅವರು ಬಿಡಿಸಲಾಗದಷ್ಟು ಜಟಿಲವೆಂದು ಹೆಸರಾಗಿದ್ದ ನೈಟ್ರೋಜನ್ ಡೈ ಆಕ್ಸೈಡಿನ ರೋಹಿತವನ್ನು ಧಾರೆಯಲ್ಲಿ ತಣ್ಣಗಾಗಿಸಿ ಓದಿದರು. ಅಣುಧಾರೆಗಳನ್ನು ಒಂದಕ್ಕೊಂದು ಅಡ್ಡ ಹಾಯಿಸಿ ರಾಸಾಯನಿಕ ಕ್ರಿಯೆಯನ್ನು ಡಿಕ್ಕಿಯ ಮಟ್ಟದಲ್ಲಿ ಅಧ್ಯಯನ ಮಾಡಿದ್ದಕ್ಕೆ ಡಡ್ಲಿ ಹರ್ಷ್‌ಬಾಕ್ ಮತ್ತು ಯುವಾನ್ ಲೀ ಅವರಿಗೆ, ಜಾನ್ ಪೊಲಾನಿ ಅವರೊಡನೆ, 1986ರ ನೊಬೆಲ್ ಬಂತು.

ಗಣಕದಲ್ಲಿ ಧಾರೆ

ದಟ್ಟ ಅನಿಲಕ್ಕೆ, ಅದನ್ನು ಅಖಂಡ ಮಾಧ್ಯಮವೆಂದು ಹಿಡಿಯುವ ನೇವಿಯರ್-ಸ್ಟೋಕ್ಸ್ ಸಮೀಕರಣ ಸಾಕು. ವಿರಳ ಅನಿಲಕ್ಕೆ ಅಣುಗಳ ವೇಗದ ಹಂಚಿಕೆಯನ್ನೇ ಹಿಂಬಾಲಿಸುವ, ಲುಡ್ವಿಗ್ ಬೋಲ್ಟ್ಸ್‌ಮನ್ 1872ರಲ್ಲಿ ಕೊಟ್ಟ ಸಮೀಕರಣ ಬೇಕು. ಅದರಲ್ಲಿ ಸ್ಥಾನಕ್ಕೆ ಮೂರು, ವೇಗಕ್ಕೆ ಮೂರು, ಕಾಲಕ್ಕೆ ಒಂದು ಎಂದು ಏಳು ಚರಗಳಿವೆ. ಡಿಕ್ಕಿಗಳ ಪದವಂತೂ ಪ್ರತಿ ಜೋಡಿ ವೇಗವನ್ನೂ ಸೇರಿಸಿ ಕೂಡಿಸಬೇಕಾದ ಸಂಕಲನ. ಈ ಪದವನ್ನು ಹಗುರಗೊಳಿಸಿದವರಲ್ಲಿ ಮುಖ್ಯರು ಪ್ರಭುಲಾಲ್ ಭಟ್ನಾಗರ್, ಯೂಜೀನ್ ಗ್ರಾಸ್, ಮ್ಯಾಕ್ಸ್ ಕ್ರುಕ್. ಡಿಕ್ಕಿಗಳ ವಿವರವೆಲ್ಲ ಬಿಟ್ಟು, ವೇಗದ ಹಂಚಿಕೆ ಒಂದು ನಿರ್ದಿಷ್ಟ ದರದಲ್ಲಿ ಸ್ಥಳೀಯ ಸಮತೋಲದತ್ತ ಹಿಂದಿರುಗುತ್ತದೆ ಎಂದಷ್ಟೇ 1954ರ ಅವರ ಲೇಖನ ಇಟ್ಟುಕೊಂಡಿತು. ಹಾರ್ವರ್ಡ್‌ನಲ್ಲಿದ್ದಾಗ ಈ ಕೆಲಸ ಮಾಡಿದ ಭಟ್ನಾಗರ್ 1956ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅನ್ವಯಿಕ ಗಣಿತ ವಿಭಾಗವನ್ನು ಕಟ್ಟಿದರು. ಮೂವರ ಹೆಸರಿನ ಮೊದಲಕ್ಷರಗಳಿಂದ ಬಿಜಿಕೆ ಎಂದು ಕರೆಯುವ ಈ ಮಾದರಿಗೆ ಒಂದು ಕೊರತೆ ಇದೆ: ಸ್ನಿಗ್ಧತೆ ಮತ್ತು ಶಾಖವಾಹಕತೆಗಳ ಅನುಪಾತವನ್ನು ಸೂಚಿಸುವ ಪ್ರಾಂಟ್ಲ್ ಸಂಖ್ಯೆ ಏಕಪರಮಾಣು ಅನಿಲಕ್ಕೆ ಮೂರನೆಯ ಎರಡು ಇರಬೇಕಾದಲ್ಲಿ ಒಂದು ಬರುತ್ತದೆ. 1966ರಲ್ಲಿ ಹಾಲ್ವೇ, 1968ರಲ್ಲಿ ಶಾಖೊವ್ ಸೂಚಿಸಿದ ಪರಿಷ್ಕೃತ ರೂಪಗಳು ಇದನ್ನು ಸರಿಪಡಿಸಿದವು.

ಇನ್ನೊಂದು ದಾರಿ ಸಮೀಕರಣವನ್ನೇ ಪಕ್ಕಕ್ಕಿಟ್ಟು ಅಣುಗಳನ್ನು ಗಣಕದಲ್ಲಿ ಓಡಿಸುವುದು. ಆಸ್ಟ್ರೇಲಿಯಾದ ಗ್ರೇಮ್ ಬರ್ಡ್ 1963ರಲ್ಲಿ ಆರಂಭಿಸಿದ ಈ ವಿಧಾನ ನೇರ ಸಿಮ್ಯುಲೇಶನ್ ಮಾಂಟೆ ಕಾರ್ಲೊ ಎಂದು ಪ್ರಸಿದ್ಧ. ಲಕ್ಷಾಂತರ ಕೋಟಿ ನಿಜ ಅಣುಗಳಿಗೆ ಪ್ರತಿನಿಧಿಯಾಗಿ ಒಂದೊಂದು ಗಣಕಕಣ ಇರುತ್ತದೆ. ಕಾಲದ ಒಂದು ಸಣ್ಣ ಹೆಜ್ಜೆಯಲ್ಲಿ ಎಲ್ಲ ಕಣಗಳನ್ನೂ ಡಿಕ್ಕಿಯಿಲ್ಲದೆ ನೇರ ಮುಂದಕ್ಕೆ ಸರಿಸುತ್ತಾರೆ; ಆಮೇಲೆ ಪ್ರತಿ ಕೋಶದೊಳಗೆ ಇರುವ ಕಣಗಳಿಂದ ಜೋಡಿಗಳನ್ನು ಚೀಟಿ ಎತ್ತಿದಂತೆ ಆರಿಸಿ, ಆ ಹೆಜ್ಜೆಯಲ್ಲಿ ಎಷ್ಟು ಡಿಕ್ಕಿ ಆಗಬೇಕೋ ಅಷ್ಟನ್ನು ಆಗಿಸುತ್ತಾರೆ. ಡಿಕ್ಕಿ ಹೊಡೆದ ಜೋಡಿ ನಿಜವಾಗಿ ಒಂದನ್ನೊಂದು ಮುಟ್ಟಿರಬೇಕಾಗಿಲ್ಲ, ಒಂದೇ ಕೋಶದಲ್ಲಿದ್ದರೆ ಸಾಕು. ಗಣಿತಜ್ಞರಿಗೆ ಮೊದಮೊದಲು ಇದು ಕೈಚಳಕದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಕಣಗಳ ಸಂಖ್ಯೆ ಹೆಚ್ಚಿ, ಕೋಶ ಮತ್ತು ಹೆಜ್ಜೆ ಕಿರಿದಾದಂತೆ ಫಲಿತಾಂಶ ಬೋಲ್ಟ್ಸ್‌ಮನ್ ಸಮೀಕರಣದ ಪರಿಹಾರದತ್ತಲೇ ಹೋಗುತ್ತದೆ ಎಂಬುದಕ್ಕೆ ವೋಲ್ಫ್‌ಗಾಂಗ್ ವಾಗ್ನರ್ 1992ರಲ್ಲಿ ಸಾಧನೆ ಕೊಟ್ಟರು.

ನಿಯಮಗಳು ಕಟ್ಟುನಿಟ್ಟು: ಕೋಶ ಮುಕ್ತಪಥಕ್ಕಿಂತ ಕಿರಿದಿರಬೇಕು, ಹೆಜ್ಜೆ ಎರಡು ಡಿಕ್ಕಿಗಳ ನಡುವಿನ ಕಾಲಕ್ಕಿಂತ ಚಿಕ್ಕದಿರಬೇಕು. ನಿರ್ವಾತದ ಧಾರೆಗೆ ಇದು ದುಬಾರಿ. ಮೇಲಿನ ಉದಾಹರಣೆಯಲ್ಲಿ ರಂಧ್ರದ ಹತ್ತಿರದ ಒಂದು ಘನ ಮಿಲಿಮೀಟರನ್ನು 70 ನ್ಯಾನೋಮೀಟರಿನ ಕೋಶಗಳಾಗಿ ಸೀಳಿದರೆ ಸುಮಾರು 3 ಲಕ್ಷ ಕೋಟಿ ಕೋಶಗಳಾಗುತ್ತವೆ. ದೂರದ ಭಾಗಕ್ಕೆ ಕೋಶಗಳು ಸೆಂಟಿಮೀಟರ್ ಗಾತ್ರದವಿದ್ದರೂ ನಡೆಯುತ್ತದೆ. ಆದ್ದರಿಂದ ಒಳಭಾಗಕ್ಕೆ ನೇವಿಯರ್-ಸ್ಟೋಕ್ಸ್, ಹೊರಭಾಗಕ್ಕೆ ಬರ್ಡ್ ವಿಧಾನ ಎಂದು ಕೆಲಸ ಹಂಚುವುದು ರೂಢಿಯಾಗಿದೆ. ಗಡಿಯನ್ನು ಎಲ್ಲಿ ಎಳೆಯಬೇಕು? 1970ರಲ್ಲಿ ಬರ್ಡ್ ಒಂದು ಅಳತೆಗೋಲು ಕೊಟ್ಟರು. ಹರಿವಿನೊಡನೆ ಸಾಗುವಾಗ ಸಾಂದ್ರತೆ ಬದಲಾಗುವ ಸಾಪೇಕ್ಷ ದರವನ್ನು ಡಿಕ್ಕಿಗಳ ದರದಿಂದ ಭಾಗಿಸಿದಾಗ ಬರುವ ಸಂಖ್ಯೆ 0.02ರ ಆಸುಪಾಸು ತಲಪಿದರೆ ಸಮತೋಲ ಒಡೆಯತೊಡಗಿದೆ ಎಂದರ್ಥ. ಬರಿಯ ಕ್ನುಡ್ಸನ್ ಸಂಖ್ಯೆಯಿಂದ ಗಡಿ ಎಳೆದ ಲೆಕ್ಕಗಳಿಗಿಂತ ಈ ಅಳತೆಗೋಲು ಹಿಗ್ಗುವ ಧಾರೆಗೆ ಹೆಚ್ಚು ಹೊಂದುತ್ತದೆ, ಏಕೆಂದರೆ ಇದು ಕೇಳುವುದು ಅನಿಲ ಎಷ್ಟು ತೆಳುವಾಗಿದೆ ಎಂದಲ್ಲ, ಬದಲಾವಣೆಯ ವೇಗಕ್ಕೆ ಡಿಕ್ಕಿಗಳು ಸರಿಸಾಟಿಯಾಗಿವೆಯೇ ಎಂದು.

ಚೀಟಿ ಎತ್ತುವ ವಿಧಾನವಾದ್ದರಿಂದ ಫಲಿತಾಂಶದಲ್ಲಿ ಅಲ್ಲಾಟ ಇದ್ದೇ ಇರುತ್ತದೆ. ಅದನ್ನು ಹತ್ತನೆಯ ಒಂದಕ್ಕೆ ಇಳಿಸಬೇಕಾದರೆ ನೂರು ಪಟ್ಟು ಮಾದರಿ ಬೇಕು. ನಾಜಲ್‌ನ ಹಿಂಬದಿಗೆ ಬರುವ ಹಿಮ್ಮುಖ ಹರಿವಿನಲ್ಲಿ ಕಣಗಳೇ ಅಪರೂಪವಾದ್ದರಿಂದ ಅಲ್ಲಿ ತೊಂದರೆ ಹೆಚ್ಚು. ಎಂಜಿನಿಯರರಿಗೆ ಬೇಕಾದ ಅಂಕಿಗಳು ಇರುವುದೂ ಹೆಚ್ಚಾಗಿ ಅಲ್ಲಿಯೇ.

ಡಿಕ್ಕಿಯ ಮಾದರಿ ಇನ್ನೊಂದು ಸೂಕ್ಷ್ಮ ಜಾಗ. ಅಣುವನ್ನು ಗಟ್ಟಿ ಗೋಲಿಯೆಂದು ಹಿಡಿದರೆ ಸ್ನಿಗ್ಧತೆ ಉಷ್ಣತೆಯೊಡನೆ ಬದಲಾಗುವ ಬಗೆ ತಪ್ಪಾಗುತ್ತದೆ. ಆದ್ದರಿಂದ ಬರ್ಡ್ 1981ರಲ್ಲಿ ಡಿಕ್ಕಿಯ ವೇಗಕ್ಕೆ ತಕ್ಕಂತೆ ಗಾತ್ರ ಬದಲಾಗುವ ಗೋಲಿಯ ಮಾದರಿ ತಂದರು. ತಿರುಗುವಿಕೆ, ಕಂಪನಗಳಿಗೆ ಶಕ್ತಿ ಹಂಚಲು ಬೋರ್ಗ್ನಾಕೆ ಮತ್ತು ಲಾರ್ಸೆನ್ 1975ರಲ್ಲಿ ಕೊಟ್ಟ ಸೂತ್ರ ಬಳಕೆಗೆ ಬಂತು. ಆದರೆ ಕೋಣೆಯ ಉಷ್ಣತೆಯ ಸ್ನಿಗ್ಧತೆಗೆ ಹೊಂದಿಸಿದ ಗೋಲಿ ಒಂದೆರಡು ಕೆಲ್ವಿನ್‌ನ ಧಾರೆಯಲ್ಲಿ ದಾರಿ ತಪ್ಪಿಸುತ್ತದೆ. ಅಷ್ಟು ತಂಪಿನಲ್ಲಿ ಅಣುಗಳ ನಡುವಿನ ದುರ್ಬಲ ಆಕರ್ಷಣೆಯೇ ಮೇಲುಗೈ ಪಡೆಯುತ್ತದೆ. ಹೀಲಿಯಮ್ ಇದರ ಪರಮಾವಧಿ. ಅದರ ಧಾರೆ ಹಳೆಯ ಲೆಕ್ಕಗಳು ಹೇಳುವುದಕ್ಕಿಂತ ಬಹಳ ತಣ್ಣಗೆ, ಕೆಲ್ವಿನ್ನಿನ ಸಾವಿರದ ಕೆಲವು ಪಾಲುಗಳಿಗೆ, ಇಳಿಯುತ್ತದೆ. ಕ್ವಾಂಟಂ ಪರಿಣಾಮದಿಂದ ಅತಿ ಶೀತದಲ್ಲಿ ಹೀಲಿಯಮ್ ಪರಮಾಣುಗಳು ಒಂದಕ್ಕೊಂದು ಅಗಾಧ ಗಾತ್ರದವಾಗಿ ಕಾಣುತ್ತವೆ, ಆದ್ದರಿಂದ ಡಿಕ್ಕಿಗಳು ಇನ್ನೂ ಬಹುದೂರ ನಡೆಯುತ್ತಲೇ ಇರುತ್ತವೆ ಎಂದು ಪೀಟರ್ ಟೋನಿಸ್ ಮತ್ತು ವಿಂಕೆಲ್‌ಮನ್ 1977ರಲ್ಲಿ ಲೆಕ್ಕದಿಂದ ತೋರಿಸಿದರು. ಇಂಥ ಧಾರೆಯನ್ನು ಸೂಕ್ಷ್ಮ ಜಾಲರಿಯ ಮೂಲಕ ಹಾಯಿಸಿ ವಿವರ್ತನೆಯಿಂದ ಬೇರ್ಪಡಿಸಿ, ಎರಡು ಹೀಲಿಯಮ್ ಪರಮಾಣುಗಳು ಕೂಡಿದ ಅತಿ ದುರ್ಬಲ ಅಣು ಇರುವುದನ್ನು ಗಾಟಿಂಗೆನ್‌ನಲ್ಲಿ ಶೋಲ್‌ಕಾಫ್ ಮತ್ತು ಟೋನಿಸ್ 1994ರಲ್ಲಿ ಖಚಿತಪಡಿಸಿದರು.

ಬಾಹ್ಯಾಕಾಶದಲ್ಲಿ

ಉಪಗ್ರಹ ತನ್ನ ನಿಲುವನ್ನು ಸರಿಪಡಿಸಿಕೊಳ್ಳುವ ಸಣ್ಣ ಥ್ರಸ್ಟರುಗಳ ಧಾರೆ ಸೌರಫಲಕಕ್ಕೆ ತಗುಲಿದರೆ ಮೂರು ಬಗೆಯ ತೊಂದರೆ: ತಳ್ಳುವ ಬಲ, ಶಾಖ, ಮೈಗೆ ಹತ್ತುವ ಕೊಳೆ. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ರೂಪುಗೊಳ್ಳುವ ಭೂಸ್ಥಿರ ಉಪಗ್ರಹಗಳೂ ಸೇರಿದಂತೆ ದ್ರವ ಇಂಧನದ ಎಲ್ಲ ಉಪಗ್ರಹಗಳ ವಿನ್ಯಾಸದಲ್ಲೂ ಈ ಲೆಕ್ಕಕ್ಕೆ ಜಾಗವಿದೆ. ನೆಲದ ಮೇಲಿನ ಕೋಣೆಯಲ್ಲಿ ಪೂರ್ತಿ ಧಾರೆಯನ್ನು ಹಿಡಿಯಲಾಗದ್ದರಿಂದ 1994ರ ಸೆಪ್ಟೆಂಬರಿನಲ್ಲಿ ಅಮೆರಿಕದ ಬಾಹ್ಯಾಕಾಶ ಷಟಲ್ ಡಿಸ್ಕವರಿ ತನ್ನ ಯಂತ್ರತೋಳಿನ ತುದಿಗೆ ಉದ್ದನೆಯ ಕೋಲು ಸೇರಿಸಿ, ಅದರ ಕೊನೆಯ ಉಪಕರಣಗಳನ್ನು ತನ್ನದೇ ಥ್ರಸ್ಟರುಗಳ ಧಾರೆಯಲ್ಲಿ ಹಿಡಿದು ಅಳೆಯಿತು. ಬಾಹ್ಯಾಕಾಶ ನಿಲ್ದಾಣಕ್ಕೆ ಷಟಲ್ ಹತ್ತಿರ ಬಂದಾಗ ಫಲಕಗಳ ಮೇಲೆ ಎಷ್ಟು ಬಲ ಬೀಳುತ್ತದೆ ಎಂದು ತಿಳಿಯುವುದು ಉದ್ದೇಶವಾಗಿತ್ತು.

ಚಂದ್ರನಲ್ಲಿ ಧಾರೆ ನೆಲಕ್ಕೆ ಬಡಿಯುತ್ತದೆ. ಬಡಿದ ಜಾಗದಲ್ಲಿ ಅನಿಲ ಮತ್ತೆ ದಟ್ಟವಾಗಿ, ಆಘಾತ ಕಟ್ಟಿ, ನೆಲಕ್ಕೆ ಸಮಾನಾಂತರವಾಗಿ ಎಲ್ಲ ದಿಕ್ಕಿಗೂ ನುಗ್ಗಿ ಧೂಳನ್ನು ಹೊತ್ತೊಯ್ಯುತ್ತದೆ. 2023ರ ಆಗಸ್ಟ್ 23ರಂದು ಭಾರತದ ಇಳಿನೌಕೆ ವಿಕ್ರಮ್ ಚಂದ್ರನ ಮೇಲೆ ಇಳಿದಾಗ ಸುಮಾರು 2.06 ಟನ್ ಮೇಲ್ಮಣ್ಣು 108.4 ಚದರ ಮೀಟರಿನಷ್ಟು ಜಾಗದಿಂದ ಚದುರಿ, ನೌಕೆಯ ಸುತ್ತ ಬೆಳ್ಳನೆಯ ಪ್ರಭೆಯಂಥ ಗುರುತು ಉಳಿಯಿತು ಎಂದು ಚಂದ್ರಯಾನ-2ರ ಕಕ್ಷಾನೌಕೆಯ ಚಿತ್ರಗಳಿಂದ ಭಾರತದ ವಿಜ್ಞಾನಿಗಳು ಅಂದಾಜಿಸಿದರು. ಅನಿಲವೊಂದನ್ನೇ ಲೆಕ್ಕಹಾಕುವುದಕ್ಕಿಂತ ಇದು ಕಠಿಣ, ಏಕೆಂದರೆ ಧೂಳು ಅನಿಲದಿಂದ ವೇಗ ಪಡೆಯುವುದರ ಜೊತೆಗೆ ಅನಿಲವನ್ನು ನಿಧಾನಗೊಳಿಸುತ್ತದೆ, ಧೂಳಿನ ಕಣಗಳು ತಮ್ಮತಮ್ಮಲ್ಲೂ ಡಿಕ್ಕಿಯಾಡುತ್ತವೆ.

ಎನ್ಸಿಲೇಡಸ್ಸಿನ ದಕ್ಷಿಣ ಧ್ರುವದ ಧಾರೆಗಳನ್ನು ಕಸಿನಿ ನೌಕೆ 2005ರಲ್ಲಿ ಗುರುತಿಸಿತು. ಧಾರೆಗಳ ಹಿಂದೆ ನಕ್ಷತ್ರ ಹಾಯುವಾಗ ಅದರ ಬೆಳಕು ಎಷ್ಟು ಕುಂದುತ್ತದೆ ಎಂಬುದರಿಂದ ಹೊರಬೀಳುವ ಆವಿ ಸೆಕೆಂಡಿಗೆ ಸುಮಾರು 200 ಕಿಲೋಗ್ರಾಂ ಎಂದು ತಿಳಿಯಿತು. ನೌಕೆ ಧಾರೆಯೊಳಗೇ ಹಾದುಹೋದಾಗ ಅದರ ರೋಹಿತಮಾಪಕ ಅಣುಗಳನ್ನು ನೇರವಾಗಿ ಎಣಿಸಿತು. ಆ ಉಪಗ್ರಹದ ವಿಮೋಚನ ವೇಗ ಸೆಕೆಂಡಿಗೆ ಸುಮಾರು 240 ಮೀಟರ್ ಮಾತ್ರ. ಆವಿಯ ಬಹುಪಾಲು ಅದನ್ನು ಸುಲಭವಾಗಿ ಮೀರಿ ತಪ್ಪಿಸಿಕೊಳ್ಳುತ್ತದೆ, ಹಿಂದುಳಿಯುವ ಮಂಜಿನ ಕಣಗಳಲ್ಲಿ ಹೆಚ್ಚಿನವು ಮರಳಿ ನೆಲಕ್ಕೆ ಬೀಳುತ್ತವೆ. ಪ್ರಯೋಗಶಾಲೆಯಲ್ಲಿ ರಂಧ್ರದ ಆಕಾರ ಗೊತ್ತಿದ್ದು ಧಾರೆಯನ್ನು ಲೆಕ್ಕಹಾಕುತ್ತಾರೆ. ಇಲ್ಲಿ ಧಾರೆ ಗೊತ್ತಿದ್ದು ಮಂಜಿನಡಿಯ ಬಿರುಕಿನ ಆಕಾರ, ಉಷ್ಣತೆಗಳನ್ನು ಹಿಂದಕ್ಕೆ ಲೆಕ್ಕಹಾಕಬೇಕು. ಬರ್ಡ್ ವಿಧಾನವನ್ನು ಮತ್ತೆ ಮತ್ತೆ ಓಡಿಸಿ, ಕಸಿನಿಯ ಅಂಕಿಗಳಿಗೆ ಹೊಂದುವ ಬಿರುಕುಗಳನ್ನು ಆರಿಸುವುದು ಇಲ್ಲಿನ ರೂಢಿ.

ಈ ಎಲ್ಲ ಲೆಕ್ಕಗಳಿಗೂ ಹೊರಗಿನಿಂದಲೇ ಕೊಡಬೇಕಾದ ಒಂದು ಅಂಶ ಗೋಡೆಗೆ ಬಡಿದ ಅಣುವಿನ ವರ್ತನೆ. ಅದು ಕನ್ನಡಿಯ ಬೆಳಕಿನಂತೆ ಹಿಂಪುಟಿಯುವುದೋ, ಗೋಡೆಯ ಉಷ್ಣತೆಗೆ ಹೊಂದಿಕೊಂಡು ಯಾವುದೋ ದಿಕ್ಕಿಗೆ ಹೊರಡುವುದೋ? ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1879ರಲ್ಲಿ ಒಂದು ಪಾಲು ಹೀಗೆ, ಉಳಿದ ಪಾಲು ಹಾಗೆ ಎಂದು ವಿಂಗಡಿಸಿ ಇಟ್ಟ ಗುಣಾಂಕವನ್ನೇ ಹೆಚ್ಚಿನ ಸಿಮ್ಯುಲೇಶನ್ನುಗಳು ಇಂದಿಗೂ ಬಳಸುತ್ತವೆ. ಲೋಹ, ಗಾಜು, ಬಣ್ಣ ಬಳಿದ ಫಲಕ, ಮಂಜು ಪ್ರತಿಯೊಂದಕ್ಕೂ ಅದರ ಬೆಲೆ ಬೇರೆ. ಮೇಲ್ಮೈ ಎಷ್ಟು ಶುದ್ಧವಾಗಿದೆ ಎಂಬುದರ ಮೇಲೂ ಬದಲಾಗುತ್ತದೆ. ಅದನ್ನು ಪಡೆಯುವುದು ಅಣುಧಾರೆಯನ್ನು ಆಯಾ ಮೇಲ್ಮೈಗೆ ಬಿಟ್ಟು, ಚದುರಿ ಬರುವ ಅಣುಗಳ ದಿಕ್ಕು ಮತ್ತು ಹಾರಾಟದ ಕಾಲವನ್ನು ಅಳೆಯುವ ಪ್ರಯೋಗಗಳಿಂದ.